ಮೈಸೂರು ರಸ್ತೆ ಪಕ್ಕ ಕೆಳಗೆ ಅಂಗಡಿ, ಮೇಲೆ ಮನೆ: ಮಲಗುವ ಕೋಣೆ ಯಾವ ಕಡೆ ಇಡಬೇಕು?

ಡಿಪೋಮನೆ · ಶನಿವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನಾಯಂಡಹಳ್ಳಿ ಹತ್ತಿರ ಮೈಸೂರು ರಸ್ತೆಗೆ ತಾಗಿದಂತೆ ನಮ್ಮದೊಂದು ಜಾಗ ಇದೆ. 80 ಅಡಿ ಅಗಲ, 150 ಅಡಿ ಉದ್ದ. ಅಪ್ಪನ ಕಾಲದಲ್ಲಿ ಮರದ ಡಿಪೋ ಇತ್ತು. ಈಗ ಮುಂದೆ ಹಳೇ ಮನೆ, ಹಿಂದೆ ಖಾಲಿ ಶೆಡ್. ಹಿಂಬದಿಗೆ ಸಣ್ಣ ಅಡ್ಡರಸ್ತೆಯೂ ಇದೆ. ಎದುರಿಗೇ ನೇರಳೆ ಮಾರ್ಗದ ಮೆಟ್ರೋ, 2021ರಲ್ಲಿ ಕೆಂಗೇರಿವರೆಗೆ ಶುರುವಾದದ್ದು.

ನಾವು ಮೂರು ಜನ ಒಡಹುಟ್ಟಿದವರು ಸೇರಿ ಸಾಲ ಮಾಡಿ ಕಟ್ಟಿಸುತ್ತಿದ್ದೇವೆ. ಕೆಳಗೆ 6 ಅಂಗಡಿ, ಮೊದಲ ಮಹಡಿಗೆ ಆಫೀಸು, ಅದರ ಮೇಲೆ ಮೂರು ಮಹಡಿಯಲ್ಲಿ 18 ಮನೆ. ಮೂರು ಮನೆ ನಮಗೆ, ಉಳಿದದ್ದು ಬಾಡಿಗೆಗೆ.

ಆರ್ಕಿಟೆಕ್ಟ್ ಎರಡು ನಕ್ಷೆ ಕೊಟ್ಟಿದ್ದಾರೆ. ಒಂದರಲ್ಲಿ ಆದಷ್ಟು ಮನೆಗಳ ಹಾಲ್, ಬಾಲ್ಕನಿ, ದೊಡ್ಡ ಬೆಡ್‌ರೂಮ್ ಎಲ್ಲ ಮುಖ್ಯರಸ್ತೆ ಕಡೆಗೆ. ಇನ್ನೊಂದರಲ್ಲಿ ನಡುವೆ ಅಂಗಳ ಬಿಟ್ಟು ಮೂರು ಕಡೆ ಮನೆ. ಅಣ್ಣನಿಗೆ ಮೊದಲನೆಯದೇ ಇಷ್ಟ. ರಸ್ತೆ ಕಡೆ ಇದ್ದರೆ ಬಾಡಿಗೆ ಜಾಸ್ತಿ ಬರುತ್ತದೆ, ಸದ್ದಿಗೆ ಡಬಲ್ ಗ್ಲಾಸ್ ಹಾಕಿದರೆ ಆಯ್ತು ಅನ್ನುತ್ತಾನೆ.

ನನಗೆ ಚಿಂತೆ ಅಮ್ಮನದು. ಅವರು ಈಗ ಮಲಗುವುದು ಮುಂದಿನ ಕೋಣೆಯಲ್ಲಿ. ಕಿಟಕಿಯ ಸಂದಿಗೆ ಹಳೇ ಸೀರೆ ಮಡಚಿ ತುರುಕಿದ್ದಾರೆ. ಆದರೂ ರಾತ್ರಿ ಲಾರಿ ಹೋದರೆ ಗೋಡೆ ಕಪಾಟಿನ ಗಾಜು ಜಿರ್ರ್ ಅನ್ನುತ್ತದೆ, ಅಮ್ಮ ಎದ್ದು ಕೂರುತ್ತಾರೆ. ಮೊನ್ನೆ ಫೋನಿನಲ್ಲಿ ಸದ್ದು ಅಳೆದೆ. ಗೇಟಿನ ಹತ್ತಿರ ಸಂಜೆ 6ಕ್ಕೆ 76 ಡೆಸಿಬಲ್, ರಾತ್ರಿ 11:30ಕ್ಕೆ 68. ಡಬಲ್ ಗ್ಲಾಸ್ ಸಾಕಾಗುತ್ತದಾ? ಅನುಭವ ಇದ್ದವರು ಹೇಳಿ.

ಬಾಡಿಗೆದಾರ · ರಾತ್ರಿ 10:05

ಸಾಕಾಗಲ್ಲ. ರಸ್ತೆ ಕಡೆಯ ಬೆಡ್‌ರೂಮಿನಲ್ಲಿ ಎರಡು ವರ್ಷ ಇದ್ದೆ. ಕೊನೆಗೆ ಹಾಲ್‌ನಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆ.

ಗಾರೆಕರಣೆ · ರಾತ್ರಿ 10:20

ಮೇಡಂ, ಲೆಕ್ಕ ಹಾಕಿ ನೋಡೋಣ. ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ನಿಮ್ಮ ಫೋನಿನ ಲೆಕ್ಕ ಐದಾರು ಡೆಸಿಬಲ್ ತಪ್ಪಿದ್ದರೂ ನೀವು ವಾಣಿಜ್ಯ ಪ್ರದೇಶದ ಮಿತಿಯನ್ನೂ ದಾಟಿದ್ದೀರಿ. 10 ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಮಲಗುವ ಕೋಣೆಯೊಳಗೆ 30ರ ಆಸುಪಾಸು ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ.

ಈಗ ಗೋಡೆಗೆ ಬನ್ನಿ. ಎರಡೂ ಕಡೆ ಗಾರೆ ಮಾಡಿದ 9 ಇಂಚಿನ ಇಟ್ಟಿಗೆ ಗೋಡೆ ಹತ್ತಿರ ಹತ್ತಿರ 50 ಡೆಸಿಬಲ್ ತಡೆಯುತ್ತದೆ. ಮಾಮೂಲಿ ಒಂಟಿ ಗಾಜಿನ ಕಿಟಕಿ ಚೆನ್ನಾಗಿ ಮುಚ್ಚಿದ್ದರೆ 30. ಗೋಡೆಯ ಐದನೇ ಒಂದು ಭಾಗ ಕಿಟಕಿ ಅಂದುಕೊಳ್ಳಿ, ಎರಡೂ ಸೇರಿ ಸಿಗುವುದು 37 ಮಾತ್ರ. ಅಷ್ಟು ಗಟ್ಟಿ ಗೋಡೆ ಕಟ್ಟಿದರೂ ಕಿಟಕಿ ಅದನ್ನು ಕೆಳಗೆ ಎಳೆಯುತ್ತದೆ. ಇನ್ನು ಕಿಟಕಿ ತೆರೆದರಂತೂ ತಡೆಯುವುದು 10ರಿಂದ 15 ಅಷ್ಟೇ. ಬೆಂಗಳೂರಿನಲ್ಲಿ ಕಿಟಕಿ ಮುಚ್ಚಿಕೊಂಡು ಎಷ್ಟು ದಿನ ಮಲಗುತ್ತೀರಿ?

ಕೆಂಗೇರಿ_ಪಯಣಿಗ · ರಾತ್ರಿ 10:31

ಎಸಿ ಹಾಕಿಸಿ, ಕಿಟಕಿ ತೆರೆಯೋದೇ ಬೇಡ. ಇಷ್ಟಕ್ಕೆ ನಕ್ಷೆ ಯಾಕೆ ಬದಲಾಯಿಸಬೇಕು?

ಬಾಡಿಗೆದಾರ · ರಾತ್ರಿ 10:34

ಕರೆಂಟ್ ಬಿಲ್ ಕಟ್ಟೋದು ಬಾಡಿಗೆಯವರು ಸರ್. ಡಿಸೆಂಬರ್‌ನಲ್ಲೂ ಎಸಿ ಹಾಕಿಕೊಂಡು ಮಲಗಬೇಕಾದ ಮನೆಯಲ್ಲಿ ಯಾರೂ ಜಾಸ್ತಿ ದಿನ ಇರಲ್ಲ.

ಅರಳೇಪೇಟೆ · ರಾತ್ರಿ 10:52

ನಾನು ಹುಟ್ಟಿ ಬೆಳೆದದ್ದು ಪೇಟೆಯಲ್ಲಿ. ಮುಂದೆ ಅಂಗಡಿ, ಹಿಂದೆ ಮನೆ. ಬೀದಿಯಲ್ಲಿ ಗಾಡಿ, ಹಮಾಲರು, ಕೂಗಾಟ. ಅಂಗಡಿ ದಾಟಿ ನಡುಮನೆಗೆ ಬಂದರೆ ತೊಟ್ಟಿ. ಅಲ್ಲಿ ಅಜ್ಜಿ ಅವರೆಕಾಯಿ ಬಿಡಿಸುವ ಸದ್ದು ಕೇಳುತ್ತಿತ್ತು. ಗಾಜು, ಗೀಜು ಏನೂ ಇರಲಿಲ್ಲ. ಬೀದಿಗೂ ಮಲಗುವ ಕೋಣೆಗೂ ನಡುವೆ ಜಗಲಿ, ಅಂಗಡಿ, ಉಗ್ರಾಣ ಇಷ್ಟು ಇತ್ತು. ತೊಟ್ಟಿಮನೆಯ ಲೆಕ್ಕವೇ ಅದು. ಬೆಳಕು, ಗಾಳಿ ಎರಡನ್ನೂ ಒಳಗಿನ ಆಕಾಶದಿಂದ ತಗೊಳ್ಳುತ್ತದೆ. ನಿಮ್ಮ ಎರಡನೇ ನಕ್ಷೆ ಅದೇ ಅಲ್ವಾ? ಕಣ್ಣು ಮುಚ್ಚಿ ಅದನ್ನೇ ಆರಿಸಿ.

ಅಳತೆಪಟ್ಟಿ · ರಾತ್ರಿ 11:10

ಕಣ್ಣು ಮುಚ್ಚಿ ಬೇಡ. ನಾನು ಈ ಕೆಲಸದಲ್ಲೇ ಇರುವುದು, ಅದಕ್ಕೆ ಹೇಳುತ್ತಿದ್ದೇನೆ. ಅಂಗಳದ ತೆರೆದ ಬಾಯಿ ಯಾವ ಕಡೆಗಿದೆ? ರಸ್ತೆ ಕಡೆಗಿದ್ದರೆ ಸದ್ದು ಒಳಗೆ ನುಗ್ಗಿ ಮೂರೂ ಗೋಡೆಗೆ ಬಡಿದು ಅಲ್ಲೇ ಸುತ್ತುತ್ತದೆ. ನೇರ ಕಟ್ಟಡಕ್ಕಿಂತ ಕೆಟ್ಟದಾಗುತ್ತದೆ. ಬಾಯಿ ಹಿಂದಿನ ಅಡ್ಡರಸ್ತೆ ಕಡೆಗಿರಬೇಕು. ಆಗ ಮುಂದಿನ ಕಟ್ಟಡವೇ ತಡೆಗೋಡೆ. ಅದರ ಮರೆಯಲ್ಲಿ 10ರಿಂದ 15 ಡೆಸಿಬಲ್ ಸುಲಭವಾಗಿ ಇಳಿಯುತ್ತದೆ. ಆಮೇಲೆ ಒಳಗಿನ ಕೋಣೆಗೆ ಮಾಮೂಲಿ ಕಿಟಕಿಯೇ ಸಾಕು.

ಡಿಪೋಮನೆ · ರಾತ್ರಿ 11:18

ಅಯ್ಯೋ, ಈಗ ನಕ್ಷೆ ತೆಗೆದು ನೋಡಿದೆ. ಬಾಯಿ ರಸ್ತೆ ಕಡೆಗೇ ಇದೆ! ಮುಂದಿನಿಂದ ನೋಡಿದವರಿಗೆ ಅಂಗಳ ಕಾಣಲಿ ಅಂತ ಹಾಗೆ ಮಾಡಿದ್ದಾರಂತೆ.

ಅಳತೆಪಟ್ಟಿ · ರಾತ್ರಿ 11:21

ತಿರುಗಿಸಿ ಬರೆಯಲು ಹೇಳಿ. ಇವತ್ತೇ.

ಟೈನ್_ದಡ · ಭಾನುವಾರ ಬೆಳಿಗ್ಗೆ 3:40

ನ್ಯೂಕಾಸಲ್‌ನಿಂದ ಬರೆಯುತ್ತಿದ್ದೇನೆ, ಊರು ತಿಪಟೂರು. ಇಲ್ಲಿ ಬೈಕರ್ ವಾಲ್ ಅಂತ ಒಂದು ವಸತಿ ಸಮುಚ್ಚಯ ಇದೆ. ರಾಲ್ಫ್ ಎರ್ಸ್ಕಿನ್ ಅನ್ನುವ ವಾಸ್ತುಶಿಲ್ಪಿ ಮಾಡಿದ್ದು. ಉತ್ತರಕ್ಕೆ ದೊಡ್ಡ ಹೆದ್ದಾರಿ ಬರುತ್ತದೆ ಅಂತ ಯೋಜನೆ ಇತ್ತು. ಅದಕ್ಕೆ ಅವರು ಮನೆಗಳನ್ನೇ ಒಂದು ಉದ್ದ ಗೋಡೆ ಥರ ಕಟ್ಟಿದರು. ಹೆದ್ದಾರಿ ಕಡೆಗೆ ಸಣ್ಣ ಸಣ್ಣ ಕಿಟಕಿ, ಅಲ್ಲಿ ಅಡುಗೆಮನೆ, ಬಚ್ಚಲು. ದಕ್ಷಿಣದ ಬಿಸಿಲಿನ ಕಡೆಗೆ ಹಾಲ್, ಮರದ ಬಾಲ್ಕನಿ. ಹಿಂದೆ ಇರುವ ಸಣ್ಣ ಮನೆಗಳೂ ಆ ಗೋಡೆಯ ಮರೆಯಲ್ಲಿ ತಣ್ಣಗಿವೆ. ವಾರಾಂತ್ಯದಲ್ಲಿ ಅಲ್ಲಿ ನಡೆದು ನೋಡಿದ್ದೇನೆ. ಉತ್ತರದ ಕಡೆ ನಿಂತರೆ ಕೋಟೆ ಥರ. ಕಮಾನು ದಾಟಿ ಒಳಗೆ ಹೋದರೆ ಬಟ್ಟೆ ಒಣಗಿಸೋರು, ಗಿಡಕ್ಕೆ ನೀರು ಹಾಕೋರು. ನೀವೂ ಅಡುಗೆಮನೆ, ಬಚ್ಚಲನ್ನು ಮೈಸೂರು ರಸ್ತೆ ಕಡೆ ಹಾಕಿ.

ಒಗ್ಗರಣೆ_ಸದ್ದು · ಭಾನುವಾರ ಬೆಳಿಗ್ಗೆ 7:15

ಅಡುಗೆಮನೆ ರಸ್ತೆ ಕಡೆ ಹಾಕಿ ಅಂತ ಸುಲಭವಾಗಿ ಹೇಳುತ್ತೀರಿ. ಅಲ್ಲಿ ನಿಲ್ಲೋರು ಯಾರು? ನನ್ನ ಅತ್ತೆ ಮನೆ ಅಡುಗೆಮನೆ ಹಾಗೇ ಇದೆ. ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಅಂತ ಗೊತ್ತಾಗಲ್ಲ. ಹೊಗೆ, ಧೂಳು ಎಲ್ಲ ಕಟ್ಟೆ ಮೇಲೆ. ಬೆಳಿಗ್ಗೆ ಒರೆಸಿದ ಬಟ್ಟೆ ಮಧ್ಯಾಹ್ನಕ್ಕೆ ಕಪ್ಪು. ಮೈಸೂರು ರಸ್ತೆಯ ಧೂಳು ಇಂಗ್ಲೆಂಡಿನ ಧೂಳಲ್ಲ. ದಿನಕ್ಕೆ ನಾಲ್ಕೈದು ಗಂಟೆ ಹೆಂಗಸರು ನಿಲ್ಲುವ ಜಾಗ ಅದು. ಮಲಗುವವರಿಗೆ ನಿದ್ದೆ ಬೇಕು, ಸರಿ. ಎದ್ದಿರುವವರಿಗೂ ನೆಮ್ಮದಿ ಬೇಕಲ್ವಾ?

ಟೈನ್_ದಡ · ಬೆಳಿಗ್ಗೆ 10:02

ಒಪ್ಪಿದೆ ಅಕ್ಕ. ಧೂಳಿನ ಬಗ್ಗೆ ನಾನು ಯೋಚಿಸಿರಲಿಲ್ಲ.

ಅಳತೆಪಟ್ಟಿ · ಬೆಳಿಗ್ಗೆ 10:30

ಒಗ್ಗರಣೆ_ಸದ್ದು ಹೇಳಿದ್ದು ನೂರಕ್ಕೆ ನೂರು ಸರಿ. ರಸ್ತೆ ಕಡೆಗೆ ಯಾರೂ ಜಾಸ್ತಿ ಹೊತ್ತು ಇರದ ಜಾಗಗಳನ್ನು ಹಾಕಿ. ಓಡಾಡುವ ಪಡಸಾಲೆ, ಮೆಟ್ಟಿಲು, ಲಿಫ್ಟು, ಬಚ್ಚಲು, ಸಾಮಾನು ಕೋಣೆ. ಮಹಡಿಯ ಉದ್ದಕ್ಕೂ ರಸ್ತೆ ಕಡೆಗೆ ಒಂದೇ ಪಡಸಾಲೆ, ಅದರಿಂದ ಒಳಕ್ಕೆ ಮನೆಗಳ ಬಾಗಿಲು. ಆ ಪಡಸಾಲೆಗೆ ಗಾಜು ಹಾಕಿದರೆ ಅದೇ ಅರ್ಧ ಸದ್ದು ಹೀರಿಕೊಳ್ಳುತ್ತದೆ. ಅಡುಗೆಮನೆ, ಹಾಲ್, ಬೆಡ್‌ರೂಮ್ ಎಲ್ಲ ಅಂಗಳದ ಕಡೆ. ಹಳೇ ಬಂಗಲೆಗಳ ಸುತ್ತ ವರಾಂಡ ಇರುತ್ತಿತ್ತಲ್ಲ, ಬಿಸಿಲು ಮಳೆ ತಡೆಯುವುದಕ್ಕೆ, ಅದೇ ಥರ. ಮುಂಬೈಯ ಕಾಂಚನಜುಂಗಾ ಕಟ್ಟಡದಲ್ಲಿ ಚಾರ್ಲ್ಸ್ ಕೊರಿಯಾ 1983ರ ಹೊತ್ತಿಗೆ ವರಾಂಡದ ಈ ಕಲ್ಪನೆಯನ್ನು ಗೋಪುರಕ್ಕೇ ತಂದಿದ್ದರು.

ಗಾರೆಕರಣೆ · ಬೆಳಿಗ್ಗೆ 10:44

ಗಾಜು ಸದ್ದನ್ನು ಹೀರುವುದಿಲ್ಲ, ತಡೆಯುತ್ತದೆ. ಹೀರುವುದು ಮೆತ್ತನೆಯ, ತೂತುಗಳಿರುವ ವಸ್ತು. ತಡೆಯುವುದು ಭಾರ. ಈ ಎರಡನ್ನೂ ಬೆರೆಸಿಕೊಂಡೇ ಜನ ಗೋಡೆಗೆ ಫೋಮ್, ಮೊಟ್ಟೆ ಟ್ರೇ ಅಂಟಿಸಿ ದುಡ್ಡು ಕಳೆದುಕೊಳ್ಳುವುದು. ಪಡಸಾಲೆಯ ಚಾವಣಿಗೆ ಹೀರುವ ಹಾಳೆ ಹಾಕಿ, ಮುಂದಕ್ಕೆ ಗಾಜು ಹಾಕಿ. ಎರಡೂ ಬೇಕು.

ಅಳತೆಪಟ್ಟಿ · ಬೆಳಿಗ್ಗೆ 10:47

ಸರಿ, ಮಾತು ತಪ್ಪಾಗಿತ್ತು. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಹೊಂಗೆನೆರಳು · ಬೆಳಿಗ್ಗೆ 11:20

ಮುಂದೆ ಒಂದು ಸಾಲು ಹೊಂಗೆ ಮರ ಹಾಕಿಬಿಡಿ. ಸದ್ದೂ ಕಡಿಮೆ, ಧೂಳೂ ಕಡಿಮೆ.

ಗಾರೆಕರಣೆ · ಬೆಳಿಗ್ಗೆ 11:33

ಧೂಳಿಗೆ, ನೆರಳಿಗೆ ಖಂಡಿತ ಹಾಕಲಿ. ಸದ್ದು ಮಾತ್ರ ಒಂದು ಸಾಲು ಮರದಿಂದ ಇಳಿಯುವುದಿಲ್ಲ. ದಟ್ಟ ತೋಪು ಇದ್ದರೆ ಬೇರೆ ಮಾತು.

ಹೊಂಗೆನೆರಳು · ಬೆಳಿಗ್ಗೆ 11:36

ರಸ್ತೆ ಕಣ್ಣಿಗೆ ಕಾಣದಿದ್ದರೆ ಮನಸ್ಸಿಗೂ ಸ್ವಲ್ಪ ಹಗುರ. ಅದನ್ನು ಡೆಸಿಬಲ್‌ನಲ್ಲಿ ಅಳೆಯಕ್ಕಾಗಲ್ಲ ಸರ್.

ಮೂರನೇಮಹಡಿ · ಮಧ್ಯಾಹ್ನ 12:10

ಎಲ್ಲರೂ ರಸ್ತೆ ಬಗ್ಗೆ ಮಾತಾಡುತ್ತಿದ್ದೀರಿ. ಕೆಳಗಿನ ಅಂಗಡಿ ಬಗ್ಗೆ ಯಾರೂ ಹೇಳುತ್ತಿಲ್ಲ. ನಾನು ನಾಲ್ಕು ವರ್ಷ ಒಂದು ದರ್ಶಿನಿ ಹೋಟೆಲಿನ ಮೇಲೆ ಇದ್ದೆ. ನಮ್ಮ ಮನೆ ಮೂರನೇ ಮಹಡಿ, ರಸ್ತೆಗೆ ಬೆನ್ನು, ಬೀದಿಯ ಸದ್ದು ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಬೆಳಿಗ್ಗೆ ಮುಕ್ಕಾಲು ಐದಕ್ಕೆ ಶಟರ್ ಎತ್ತುತ್ತಿದ್ದರು. ಆ ಸದ್ದು ಗಾಳಿಯಲ್ಲಿ ಬರುತ್ತಿರಲಿಲ್ಲ, ಕಂಬದಲ್ಲಿ ಹತ್ತಿ ಬರುತ್ತಿತ್ತು. ಮಂಚದ ತಲೆಯ ಕಡೆ ಗೋಡೆಗೆ ಕೈ ಇಟ್ಟರೆ ನಡುಕ ಗೊತ್ತಾಗುತ್ತಿತ್ತು. ಪಕ್ಕದಲ್ಲಿಟ್ಟ ಸ್ಟೀಲ್ ಚೊಂಬಿನ ಮೇಲಿನ ಲೋಟ ಟಿಣ್ ಟಿಣ್ ಅನ್ನುತ್ತಿತ್ತು. ಶಟರ್ ಆದ ಮೇಲೆ ಗ್ರೈಂಡರ್, ಆಮೇಲೆ ಪಾತ್ರೆ ಎಳೆಯುವುದು, ಆಮೇಲೆ ಸಿಲಿಂಡರ್ ಉರುಳಿಸುವುದು. ಮಗಳು ಆಗ ಎರಡು ವರ್ಷದವಳು. ಶಟರ್ ಎತ್ತಿದ ತಕ್ಷಣ ಬೆಚ್ಚಿ ಅಳುತ್ತಿದ್ದಳು.

ಮಾಲೀಕರಿಗೆ ಹೇಳಿದೆ. ಅಂಗಡಿ ಬಾಡಿಗೆ ಮನೆ ಬಾಡಿಗೆಯ ಮೂರು ಪಟ್ಟು, ಅವರನ್ನು ಬಿಡಿಸಲಾ ಅಂದರು. ನಾವೇ ಬಿಟ್ಟೆವು.

ಡಿಪೋಮನೆ · ಮಧ್ಯಾಹ್ನ 12:25

ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮ ಲಿಸ್ಟಿನಲ್ಲೂ ಒಂದು ಹೋಟೆಲ್, ಒಂದು ಜಿಮ್ ಇದೆ. ಜಿಮ್ ಮೊದಲ ಮಹಡಿಗೆ ಕೇಳಿದ್ದಾರೆ.

ಲೆಕ್ಕಪುಸ್ತಕ · ಮಧ್ಯಾಹ್ನ 12:48

ಜಿಮ್ ಬೇಡವೇ ಬೇಡ. ತೂಕ ಕೆಳಗೆ ಬಿಟ್ಟರೆ ಇಡೀ ಚಪ್ಪಡಿ ಡೋಲು ಆಗುತ್ತದೆ. ಹಿಟ್ಟಿನ ಗಿರಣಿ, ಬಾರ್, ವೆಲ್ಡಿಂಗ್ ಇವೂ ಬೇಡ. ಮೆಡಿಕಲ್ ಶಾಪು, ಕ್ಲಿನಿಕ್ಕು, ಬ್ಯಾಂಕು, ದಿನಸಿ, ಟೈಲರ್, ಸ್ಟೇಷನರಿ, ಇವು ಇರಲಿ. ಮನೆಯವರಿಗೂ ಅನುಕೂಲ. ಮೊದಲ ಮಹಡಿಗೆ ಸಂಜೆ 8ಕ್ಕೆ ಬಾಗಿಲು ಹಾಕುವ ಆಫೀಸು ಮಾತ್ರ. ಆ ಮಹಡಿ ಅಂಗಡಿಗೂ ಮನೆಗೂ ನಡುವೆ ದಿಂಬಿನ ಹಾಗೆ.

ಬಾಡಿಗೆ ಕರಾರಿನಲ್ಲೇ ಬರೆಸಿ: ಸಾಮಾನು ಇಳಿಸುವ ಹೊತ್ತು, ಶಟರ್ ತೆಗೆಯುವ ಹೊತ್ತು, ಸ್ಪೀಕರ್. ಬಾಯಿಮಾತು ಆರು ತಿಂಗಳೂ ನಿಲ್ಲಲ್ಲ. ನಾನು ಒಂದು ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ, ಅನುಭವದ ಮಾತು. ಬೆಸ್ಕಾಂ ಮೀಟರು, ನೀರಿನ ಸಂಪ್, ಮೆಟ್ಟಿಲು, ಕಸ ಇಡುವ ಜಾಗ ಎಲ್ಲ ಅಂಗಡಿಗೇ ಬೇರೆ ಇರಲಿ. ಮನೆಯವರು ಹಿಂದಿನ ಅಡ್ಡರಸ್ತೆಯಿಂದ ಒಳಗೆ ಬರಲಿ.

ಇನ್ನೊಂದು. ಮುಂದೆ ಮನೆಗಳನ್ನು ಮಾರುವ ಯೋಚನೆ ಇದ್ದರೆ ಈಗಲೇ ವಕೀಲರನ್ನು ಕೇಳಿ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ವಾಸದ ಮನೆಗಳಿಗೆ ಅಂತ ಇರುವುದು. ಅಂಗಡಿ ಸೇರಿದ ಕಟ್ಟಡಕ್ಕೆ ಸಂಘ ಯಾವ ಕಾಯ್ದೆ ಕೆಳಗೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಹುಬ್ಬಳ್ಳಿ_ಗಾಳಿ · ಮಧ್ಯಾಹ್ನ 1:05

ಹೋಟೆಲ್ ಬ್ಯಾಡ ಅಂದ್ರ ಹ್ಯಾಂಗ್ರಿ? ಕೆಳಗ ಇಳದ ಕೂಡಲೇ ಬಿಸಿ ಚಾ ಸಿಗಬೇಕಂದ್ರ ಹೋಟೆಲ್ ಬೇಕ. ಕೆಳಗ ಜನ ಇದ್ರನ ಕಟ್ಟಡಕ್ಕ ಕಳಿ. ರಾತ್ರಿ ಹೆಣ್ಣಮಕ್ಕಳು ಕೆಲಸ ಮುಗಿಸಿ ಬರೂಮುಂದ ದೀಪ ಇರ್ತಾವು, ನಾಕ ಮಂದಿ ಇರ್ತಾರು. ಅದೂ ಲೆಕ್ಕಕ್ಕ ತಗೋರಿ.

ಮೂರನೇಮಹಡಿ · ಮಧ್ಯಾಹ್ನ 1:12

ಚಾ ಅಂಗಡಿ ಇರಲಿ ಸರ್. ಗ್ರೈಂಡರ್ ಇರೋ ಅಡುಗೆಮನೆ ಬೇಡ.

ಗಾರೆಕರಣೆ · ಮಧ್ಯಾಹ್ನ 1:40

ಹೋಟೆಲ್ ಇಡಲೇಬೇಕು ಅಂದರೆ ದಾರಿ ಇದೆ, ಕಟ್ಟುವ ಮೊದಲೇ ಮಾಡಬೇಕು. ಮನೆಗಳ ಕೆಳಗೆ ಬೇಡ, ಮುಂದೆ ಚಾಚಿರುವ ಒಂದೇ ಅಂತಸ್ತಿನ ಭಾಗಕ್ಕೆ ಹಾಕಿ. ಗ್ರೈಂಡರ್, ಎಕ್ಸಾಸ್ಟ್ ಫ್ಯಾನಿನ ಕಾಲಿಗೆ ರಬ್ಬರ್ ಕೂರಿಸಿ. ಹೊಗೆ ಕೊಳವೆ ತಾರಸಿಯವರೆಗೆ ಹೋಗಲಿ, ಅಂಗಳಕ್ಕೆ ಬಿಡಬೇಡಿ. ಶಟರಿನ ಚೌಕಟ್ಟನ್ನು ಕಂಬಕ್ಕೆ ಬೋಲ್ಟ್ ಹಾಕಬೇಡಿ. ಇಲ್ಲಾ ಶಟರ್ ಬಿಟ್ಟು ಗಾಜಿನ ಬಾಗಿಲು, ಒಳಗಡೆ ಗ್ರಿಲ್ ಮಾಡಿ.

ಕಟ್ಟಡದ ಸ್ವಂತ ಸದ್ದುಗಳೂ ಇವೆ. ಜನರೇಟರ್ ಅದರ ಪೆಟ್ಟಿಗೆ ಸಮೇತ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ದಾಟಬಾರದು ಅಂತ ನಿಯಮ ಇದೆ. ಆದರೆ 75 ಅಂದರೆ ನಿಮ್ಮ ರಸ್ತೆಯಷ್ಟೇ! ಅದನ್ನು ಅಂಗಳದಲ್ಲಿಟ್ಟರೆ ಮಾಡಿದ್ದೆಲ್ಲ ನೀರುಪಾಲು. ರಸ್ತೆ ಕಡೆ ಇಡಿ. ಕೊಳಚೆ ನೀರು ಶುದ್ಧೀಕರಣದ ಬ್ಲೋವರ್, ನೀರಿನ ಪಂಪು, ಲಿಫ್ಟಿನ ಮೋಟರು ಇವುಗಳ ಮೇಲೆ, ಪಕ್ಕ ಬೆಡ್‌ರೂಮ್ ಬರದ ಹಾಗೆ ನೋಡಿ. ಬಚ್ಚಲಿನ ಪೈಪು ಹೋಗುವ ಡಕ್ಟ್ ಮಂಚದ ತಲೆಗೆ ತಾಗಿರಬಾರದು. ಮೇಲಿನವರು ರಾತ್ರಿ 2ಕ್ಕೆ ಫ್ಲಶ್ ಮಾಡಿದರೆ ಕೆಳಗಿನವರಿಗೆ ಎಚ್ಚರ.

ವಾಸ್ತುವಿಚಾರ · ಸಂಜೆ 4:15

ಒಂದು ತೊಡಕು ಕಾಣುತ್ತಿದೆ. ರಸ್ತೆ ಯಾವ ದಿಕ್ಕಿಗೆ? ಯಜಮಾನರ ಮಲಗುವ ಕೋಣೆ ನೈಋತ್ಯದಲ್ಲಿ ಬರಬೇಕಲ್ಲ.

ಡಿಪೋಮನೆ · ಸಂಜೆ 4:30

ರಸ್ತೆ ನಮಗೆ ದಕ್ಷಿಣಕ್ಕೆ. ಅಣ್ಣನ ಹಟಕ್ಕೆ ಅದೂ ಒಂದು ಕಾರಣ. ನೈಋತ್ಯ ಅಂದರೆ ರಸ್ತೆ ಮೂಲೆಯೇ ಆಗುತ್ತದೆ.

ಅಳತೆಪಟ್ಟಿ · ಸಂಜೆ 4:52

ಇದನ್ನು ತುಂಬ ಮನೆಗಳಲ್ಲಿ ಬಗೆಹರಿಸಿದ್ದೇವೆ. ನೈಋತ್ಯದಲ್ಲಿ ಭಾರ ಇರಬೇಕು ಅಂತಲೂ ವಾಸ್ತುವಿನಲ್ಲೇ ಹೇಳುತ್ತಾರಲ್ಲ. ಕಟ್ಟಡದ ನೈಋತ್ಯಕ್ಕೆ ಮೆಟ್ಟಿಲು, ಮೇಲೆ ನೀರಿನ ಟ್ಯಾಂಕು ಹಾಕಿ. ಆಮೇಲೆ ಪ್ರತಿ ಮನೆಯ ಒಳಗೆ ಅದರದ್ದೇ ನೈಋತ್ಯ ನೋಡಿ ಮಲಗುವ ಕೋಣೆ ಹಾಕಿದರಾಯಿತು. ಅಂಗಳದ ಎಡಬಲದ ಸಾಲುಗಳಲ್ಲಿ ಇದು ಸಲೀಸು. ಮುಂದಿನ ಸಾಲಿನ ಮನೆಗಳಲ್ಲಿ ನೈಋತ್ಯದ ಕೋಣೆಗೂ ರಸ್ತೆಗೂ ನಡುವೆ ಪಡಸಾಲೆ ಬಂದೇ ಇರುತ್ತದೆ.

ವಾಸ್ತುವಿಚಾರ · ಸಂಜೆ 5:00

ಮೆಟ್ಟಿಲು ನೈಋತ್ಯಕ್ಕೆ ದೋಷವಿಲ್ಲ. ಒಪ್ಪಬಹುದು.

ಕೆಂಗೇರಿ_ಪಯಣಿಗ · ಸಂಜೆ 5:20

ಮೆಟ್ರೋ ಸದ್ದು ಏನೂ ಇಲ್ಲ, ಸುಮ್ನೆ ಹೆದರಬೇಡಿ. ನಾನು ಕೆಳಗೆ ಅಂಗಡಿಯಲ್ಲಿ ಕೂರುತ್ತೇನೆ, ರೈಲು ಹೋದದ್ದೇ ಗೊತ್ತಾಗಲ್ಲ.

ಗಾರೆಕರಣೆ · ಸಂಜೆ 5:41

ಕೆಳಗೆ ಗೊತ್ತಾಗಲ್ಲ, ನಿಜ. ಮೆಟ್ರೋ ಓಡುವ ಸೇತುವೆಯ ಪಕ್ಕದ ಗೋಡೆ ಚಕ್ರದ ಸದ್ದನ್ನು ಮರೆ ಮಾಡುತ್ತದೆ. ಹಳಿಯ ಮಟ್ಟಕ್ಕೆ ಮತ್ತು ಅದರ ಮೇಲಕ್ಕೆ ಇರುವ ಮನೆಗಳಿಗೆ ಆ ಮರೆ ಸಿಗಲ್ಲ. ಇವರ ಮನೆಗಳು ಸರಿಯಾಗಿ ಅಲ್ಲೇ ಬರುತ್ತವೆ. ಜೊತೆಗೆ ಸೇತುವೆಯ ತಳ ರಸ್ತೆಯ ಸದ್ದನ್ನು ಮತ್ತೆ ಕೆಳಕ್ಕೆ, ಪಕ್ಕಕ್ಕೆ ಹೊಡೆಯುತ್ತದೆ.

ಒಗ್ಗರಣೆ_ಸದ್ದು · ಸಂಜೆ 6:05

ಅಂಗಳದ ಕಡೆ ಕಿಟಕಿ ತೆರೆದರೆ ವೃಷಭಾವತಿ ಹೊಳೆಯ ಕೊಳಚೆ ವಾಸನೆ? ನಮ್ಮ ನೆಂಟರು ಅಲ್ಲೇ ಹತ್ತಿರ ಇದ್ದಾರೆ. ಗಾಳಿ ತಿರುಗಿದ ದಿನ ಊಟ ಸೇರಲ್ಲ.

ಡಿಪೋಮನೆ · ಸಂಜೆ 6:12

ಬರುತ್ತದೆ ಅಕ್ಕ, ಕೆಲವು ದಿನ. ಅಪ್ಪ ಚಿಕ್ಕವರಿದ್ದಾಗ ಆ ನೀರಿನಲ್ಲಿ ಈಜುತ್ತಿದ್ದರಂತೆ. ಈಗ ಹೇಳಿದರೆ ಮಕ್ಕಳು ನಂಬಲ್ಲ.

ಅರಳೇಪೇಟೆ · ಸಂಜೆ 6:20

ಆ ಹೊಳೆ ಸರಿಯಾಗುವವರೆಗೆ ಮೈಸೂರು ರಸ್ತೆಯಲ್ಲಿ ಯಾವ ಮನೆಯೂ ಪೂರ್ತಿ ಸರಿಯಾಗಲ್ಲ. ಇದು ಎಲ್ಲರೂ ಸೇರಿ ಕೇಳಬೇಕಾದ ವಿಷಯ, ಬೇರೆ ಚರ್ಚೆ ಶುರು ಮಾಡೋಣ.

ಅಳತೆಪಟ್ಟಿ · ಸಂಜೆ 6:45

ಅಂಗಳದ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ಎದುರುಬದುರು ನುಣ್ಣನೆ ಗೋಡೆ ಇದ್ದರೆ ಮಕ್ಕಳ ಆಟ, ಕುಕ್ಕರ್ ಸೀಟಿ ಎಲ್ಲ ಹದಿನೆಂಟೂ ಮನೆಗೆ ಕೇಳುತ್ತದೆ. ನೆಲಕ್ಕೆ ಪೂರ್ತಿ ಗ್ರಾನೈಟ್ ಹಾಕಬೇಡಿ, ಮಣ್ಣು, ಗಿಡ ಬಿಡಿ. ಗೋಡೆಯನ್ನು ಅಲ್ಲಲ್ಲಿ ಒಳಗೆ ಹೊರಗೆ ಮಾಡಿ. ಬಾಲ್ಕನಿಯ ಅಡಿಭಾಗಕ್ಕೆ ಸದ್ದು ಹೀರುವ ಹಾಳೆ ಹಾಕಿಸಿ. ಮುಂದೆ ಒಂದೆರಡು ಕಿಟಕಿ ಬಂದೇ ಬರುತ್ತದೆ. ಅಲ್ಲಿ ಸ್ಲೈಡಿಂಗ್ ಬೇಡ, ಹಳಿಯ ಸಂದಿಯಲ್ಲಿ ಸದ್ದು ಸೋರುತ್ತದೆ. ಬಾಗಿಲಿನ ಥರ ತೆರೆಯುವ, ಸುತ್ತ ರಬ್ಬರ್ ಇರುವ ಕಿಟಕಿ ಹಾಕಿ. ಡಬಲ್ ಗ್ಲಾಸ್ ನಡುವೆ ಅರ್ಧ ಇಂಚು ಜಾಗ ಇದ್ದರೆ ಲಾರಿಯ ಗುಡುಗು ನಿಲ್ಲುವುದಿಲ್ಲ. ನಾಲ್ಕು ಇಂಚು ಬಿಟ್ಟು ಒಳಗಡೆ ಇನ್ನೊಂದು ಚೌಕಟ್ಟು ಹಾಕಿದರೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಎರಡು ಗಾಜೂ ಬೇರೆ ಬೇರೆ ದಪ್ಪ ಇರಲಿ.

ಮೂರನೇಮಹಡಿ · ಸಂಜೆ 7:10

ಅಣ್ಣನವರನ್ನು ಒಂದು ರಾತ್ರಿ ಅಮ್ಮನ ಕೋಣೆಯಲ್ಲಿ ಮಲಗಿಸಿ ನೋಡಿ.

ಡಿಪೋಮನೆ · ಮಂಗಳವಾರ ಬೆಳಿಗ್ಗೆ 8:05

ಮಲಗಿಸಿದೆ. ನಿನ್ನೆ ರಾತ್ರಿ ಅಮ್ಮ ನನ್ನ ಮನೆಗೆ ಬಂದರು, ಅಣ್ಣ ಅಮ್ಮನ ಮಂಚದಲ್ಲಿ ಮಲಗಿದ. ಅವನೇ ಒಪ್ಪಿಕೊಂಡು ಹೋದ. ಬೆಳಿಗ್ಗೆ 6ಕ್ಕೆ ಫೋನ್ ಮಾಡಿ, "ಅಮ್ಮ ಇಲ್ಲಿ ಇಷ್ಟು ವರ್ಷ ಹೇಗೆ ಮಲಗಿದ್ರೇ?" ಅಂತ ಕೇಳಿದ. ಸುಮಾರು ಹೊತ್ತು ಇಬ್ಬರೂ ಮಾತಾಡಲಿಲ್ಲ.

ಅಂಗಳದ ನಕ್ಷೆಯನ್ನು ತಿರುಗಿಸಿ ಬರೆಯಲು ಆರ್ಕಿಟೆಕ್ಟ್‌ಗೆ ಹೇಳಿದ್ದೇವೆ. ಮೆಟ್ಟಿಲು ನೈಋತ್ಯಕ್ಕೆ, ಪಡಸಾಲೆ ರಸ್ತೆ ಕಡೆಗೆ. ಜಿಮ್ ಬೇಡ ಅಂತ ಆಯ್ತು. ಹೋಟೆಲ್ ಬಗ್ಗೆ ಅಣ್ಣ ಇನ್ನೂ ಒಪ್ಪಿಲ್ಲ, ಆ ಬಾಡಿಗೆ ಇಲ್ಲದಿದ್ದರೆ ಸಾಲದ ಕಂತು ಬಿಗಿಯಾಗುತ್ತದೆ. ಅದೂ ನಿಜವೇ. ಮೊದಲು ಸರಿಯಾದ ಮೀಟರ್ ಬಾಡಿಗೆಗೆ ತಂದು ಒಂದು ಪೂರ್ತಿ ದಿನ ಅಳೆಯುತ್ತೇವೆ.

ಗಾರೆಕರಣೆ · ಬೆಳಿಗ್ಗೆ 8:30

ಗೇಟಿನಲ್ಲಿ ಮಾತ್ರ ಅಳೆಯಬೇಡಿ. ಮೀಟರನ್ನು ಶೆಡ್ಡಿನ ಹಿಂದೆ, ಅಮ್ಮನ ಹೊಸ ಕೋಣೆ ಎಲ್ಲಿ ಬರುತ್ತದೋ ಅಲ್ಲೂ ಒಂದು ರಾತ್ರಿ ಇಡಿ. ಸಾಧ್ಯವಾದರೆ ಉದ್ದ ಗಳು ಕಟ್ಟಿ ಆ ಮಹಡಿಯ ಎತ್ತರಕ್ಕೆ ಏರಿಸಿ.

ಡಿಪೋಮನೆ · ಬೆಳಿಗ್ಗೆ 8:34

ಅಪ್ಪನ ಡಿಪೋದ ಸರ್ವೆ ಮರದ ಗಳುಗಳು ಇನ್ನೂ ಶೆಡ್ಡಿನಲ್ಲೇ ಇವೆ. ಅದನ್ನೇ ಕಟ್ಟುತ್ತೇವೆ.